ಹತ್ತಿಯ ಹೊನ್ನಿನ ಕಾಲವೂ ನಮ್ಮ ಮನೆಯ ಕಾಗದವೂ
(ವಾಚನಾಲಯದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಮನೆ ಕೊಳ್ಳುವ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಸಂಘದವರು ನಮಗೆ ಅಪ್ಪಣೆ ಮಾಡಿದ್ದಾರೆ. ನಾವು ವಕೀಲರಲ್ಲ, ಇಂಜಿನಿಯರರೂ ಅಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಆಫೀಸಿನಲ್ಲಿ ಲೆಕ್ಕ ಬರೆಯುವವರು; ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವವರು. ಆದರೆ ಒಂದು ಸಂಗತಿ ನಮ್ಮ ಕಣ್ಣಿಗೆ ಬಿದ್ದಿದೆ. ರವಿವಾರದ ಪತ್ರಿಕೆ ಬಂದೊಡನೆ ಎಲ್ಲಕ್ಕಿಂತ ಮೊದಲು ಸವೆಯುವ ಪುಟ ಸುದ್ದಿಯದಲ್ಲ, ಫ್ಲಾಟುಗಳ ಜಾಹೀರಾತಿನದು. ಊರಿನ ಹೊಲ ಮಾರಿ ಬಂದ ಹಣ, ಹೆಂಡತಿಯ ಬಂಗಾರ, ಪ್ರಾವಿಡೆಂಟ್ ಫಂಡು, ಇವೆಲ್ಲವನ್ನೂ ಆ ಪುಟದ ಮೇಲೆ ಹಾಕಲು ನಮ್ಮವರು ಸಿದ್ಧರಿದ್ದಾರೆ. ಆದುದರಿಂದ ಈ ವಿಷಯ ಹಗುರಾದುದಲ್ಲ.

ಮೊದಲು ಸ್ವಲ್ಪ ಇತಿಹಾಸ. ಕ್ಯಾಲಿಫೋರ್ನಿಯದಲ್ಲಿ 1848ರಲ್ಲಿ ಬಂಗಾರ ಸಿಕ್ಕಿತೆಂದು ಜನ ಮುಗಿಬಿದ್ದ ಕಥೆಯನ್ನು ನಾವೆಲ್ಲ ಓದಿದ್ದೇವೆ. ಮುಂಬಯಿಗೂ ಅಂಥದೊಂದು ಕಾಲ ಬಂದಿತ್ತು. ಇಲ್ಲಿಯ ಬಂಗಾರವೆಂದರೆ ಹತ್ತಿ. 1861ರಲ್ಲಿ ಅಮೇರಿಕೆಯ ಉತ್ತರ ದಕ್ಷಿಣ ರಾಜ್ಯಗಳಿಗೆ ಯುದ್ಧ ಹತ್ತಿತು. ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿಗೆ ಬರುವುದು ನಿಂತಿತು. ಆಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ನಮ್ಮ ನಾಡಿನ ಮೇಲೆ ಬಿತ್ತು. ಧಾರವಾಡ ಜಿಲ್ಲೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿಗೆ ಬರುತ್ತಿತ್ತು. ವಿಲಾಯತಿಯ ಪೇಟೆಯಲ್ಲಿ ಒಂದು ಜಾತಿಯ ಹತ್ತಿಗೆ ಕುಮಟೆಯ ಹೆಸರೇ ಇತ್ತು. ಕಾರವಾರವನ್ನು ಹತ್ತಿಯ ಬಂದರವಾಗಿ ಬೆಳೆಸುವ ಸಲುವಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಇಲಾಖೆಗೆ ಸೇರಿಸಿದರು. ನಮ್ಮವರಿಗೂ ಮುಂಬಯಿಗೂ ಇರುವ ನಂಟಿಗೆ ಹತ್ತಿಯ ನೂಲೂ ಒಂದು ಕಾರಣವೆಂದರೆ ತಪ್ಪಾಗಲಾರದು.

ಮುಂಬಯಿಯಲ್ಲಿ ಹಣ ಹರಿಯಿತು. ಸಮುದ್ರವನ್ನು ತುಂಬಿ ಭೂಮಿ ಮಾಡುತ್ತೇವೆಂದು ಕಂಪನಿಗಳೆದ್ದವು. ಇನ್ನೂ ನೀರಿನಡಿಯಲ್ಲಿದ್ದ ನೆಲದ ಶೇರುಗಳನ್ನು ಜನ ಹತ್ತು ಪಟ್ಟು ಕೊಟ್ಟು ಕೊಂಡರು. 1865ರ ಏಪ್ರಿಲ್‌ನಲ್ಲಿ ಯುದ್ಧ ಮುಗಿಯುತ್ತ ಬಂತೆಂಬ ಸುದ್ದಿ ಬಂತು. ಹತ್ತಿಯ ಧಾರಣೆ ಬಿತ್ತು, ಅದರೊಡನೆ ಎಲ್ಲವೂ ಬಿತ್ತು. 2,850 ರೂಪಾಯಿಗೆ ಏರಿದ್ದ ಬ್ಯಾಂಕ್ ಆಫ್ ಬಾಂಬೆಯ ಶೇರನ್ನು 87 ರೂಪಾಯಿಗೆ ಮಾರಬೇಕಾಯಿತು.

ಆ ಕಾಲದ ಹಣದಿಂದಲೇ ಮೇಲೆದ್ದ ಒಂದು ಬಡಾವಣೆ ಮಾತ್ರ ಇಂದಿಗೂ ಇದೆ. ಚರ್ಚ್‌ಗೇಟಿನಿಂದ ನಡೆದರೆ ಸಿಗುವ ಹಾರ್ನಿಮನ್ ಸರ್ಕಲ್ ಅದು. ಮೊದಲು ಅಲ್ಲಿ ಹತ್ತಿಯ ಮೂಟೆ ಒಟ್ಟುವ ಬಯಲಿತ್ತು. ಪಟ್ಟಣದ ಅಧಿಕಾರಿಗಳು ಆ ಜಾಗವನ್ನು ಕೊಂಡು, ನಕ್ಷೆ ಹಾಕಿ, ತುಂಡು ತುಂಡಾಗಿ ವ್ಯಾಪಾರಸ್ಥರಿಗೆ ಮಾರಿದರು. 1872ರ ಹೊತ್ತಿಗೆ ಕಮಾನಿನ ಕಟ್ಟಡಗಳು ಪೂರ್ತಿಯಾದವು. ಇಂದು ಅವು ದುರಸ್ತಿಗೊಂಡು, ಪಾರಂಪರಿಕ ಕಟ್ಟಡಗಳೆಂದು ರಕ್ಷಿತವಾಗಿ ನಿಂತಿವೆ. ಅಲ್ಲಿ ಒಂದು ಖೋಲಿ ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಆದರೂ ಅಲ್ಲಿ ಕಲಿಯುವುದಿದೆ. ನೆಲ, ನಕ್ಷೆ, ಹಕ್ಕು, ಮೂರೂ ಇದ್ದ ಕಟ್ಟಡ ನೂರೈವತ್ತು ವರ್ಷ ಬಾಳಿತು. ಬರೇ ಆಸೆಯ ಮೇಲೆ ಮಾರಿದ ಕಾಗದ ಒಂದು ಮಳೆಗಾಲವನ್ನೂ ಕಾಣಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ರೈಲು 1853ರ ಏಪ್ರಿಲ್ 16ರಂದು ಠಾಣೆಗೆ ಬಂತು. ಮರುವರ್ಷ ಕಲ್ಯಾಣಕ್ಕೆ ಮುಟ್ಟಿತು. ಗಿರಣಗಾವಿನ ಚಾಳುಗಳಲ್ಲಿ ಜಾಗ ಸಾಲದಾದಾಗ, 1982ರ ಗಿರಣಿ ಮುಷ್ಕರದಲ್ಲಿ ಸಂಬಳ ನಿಂತಾಗ, ಎಷ್ಟೋ ಕುಟುಂಬಗಳು ಈ ರೈಲಿನ ದಾರಿ ಹಿಡಿದೇ ಡೊಂಬಿವಲಿ, ಕಲ್ಯಾಣಗಳಿಗೆ ಬಂದವು. ಖಾಡಿಯ ಆಚೆ 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿ ಮುಂಬಯಿ ಬೆಳೆಯಿತು. ಅಲ್ಲಿಯ ವಿಮಾನ ನಿಲ್ದಾಣದಿಂದ 2025ರ ಡಿಸೆಂಬರ್ 25ರಿಂದ ವಿಮಾನಗಳು ಹಾರುತ್ತಿವೆ. ಇತ್ತ ಠಾಣೆಯಲ್ಲಿ ಹಳೆಯ ಕಟ್ಟಡಗಳನ್ನು ಗುಂಪುಗುಂಪಾಗಿ ಕೆಡವಿ ಹೊಸದು ಕಟ್ಟುವ ಕ್ಲಸ್ಟರ್ ಯೋಜನೆ ನಡೆದಿದೆ. ಹೀಗಿರಲು ದಲಾಲರ ಬಾಯಲ್ಲಿ ಮತ್ತೆ ಹೊನ್ನಿನ ಮಾತು ಕೇಳುತ್ತಿರುವುದು ಸಹಜ.

ನಮ್ಮಂಥವರ ಮುಂದೆ ಮೂರು ದಾರಿಗಳಿವೆ.

ಒಂದು, ಹಳೆಯ ಚಾಳಿನ ಪಗಡಿ ಖೋಲಿ. ಬೆಲೆ ಕಡಿಮೆ, ಸ್ಟೇಶನ್ನು ಹತ್ತಿರ. 1999ರ ಬಾಡಿಗೆ ಕಾಯಿದೆ ಪಗಡಿಯನ್ನು ಒಪ್ಪಿದೆ, ನಿಜ. ಆದರೆ ಪಗಡಿ ಕೊಟ್ಟವನು ಬಾಡಿಗೆದಾರನೇ ಹೊರತು ಮಾಲಕನಲ್ಲ. ಮನೆಯೊಡೆಯನ ಒಪ್ಪಿಗೆ ಮತ್ತು ಅವನ ಹೆಸರಿನ ರಸೀದಿ ಇಲ್ಲದೆ ಅಲ್ಲಿ ಹಣ ಇಡಬಾರದು.

ಎರಡು, ಹಳೆಯ ಸೊಸೈಟಿಯ ಫ್ಲಾಟು. ನಮಗೆ ಹೆಚ್ಚು ಭರವಸೆ ಇರುವುದು ಇದರಲ್ಲೇ. ಆದರೆ ಕಟ್ಟಡದ ಕೆಳಗಿನ ನೆಲ ಸೊಸೈಟಿಯ ಹೆಸರಿಗೆ ಆಗಿದೆಯೇ ಎಂಬುದನ್ನು ಮೊದಲು ಕೇಳಿರಿ. ಬಿಲ್ಡರನು ನೆಲ ಬರೆದುಕೊಡದಿದ್ದರೆ ಸೊಸೈಟಿಯೇ ಅರ್ಜಿ ಹಾಕಿ ಪಡೆಯುವ ಏರ್ಪಾಡು 1963ರ ಫ್ಲಾಟು ಕಾಯಿದೆಗೆ 2008ರಲ್ಲಿ ಮಾಡಿದ ತಿದ್ದುಪಡಿಯಲ್ಲಿದೆ. ನೆಲ ಕೈಯಲ್ಲಿದ್ದರೆ ನಾಳೆ ಕಟ್ಟಡ ಮುದಿಯಾದಾಗ ಮರುಕಟ್ಟಡದ ಮಾತು ಆಡಲು ಬಲ ಬರುತ್ತದೆ. ಕೆಡವಿದ ಮೇಲೆ ಬಿಲ್ಡರನು ಬಾಡಿಗೆ ಕೊಡುವುದನ್ನು ನಿಲ್ಲಿಸಿದರೆ ಏನು ಗತಿ ಎಂಬುದನ್ನೂ ಕರಾರಿನಲ್ಲೇ ಬರೆಸಿಕೊಳ್ಳಬೇಕು. ನವಿ ಮುಂಬಯಿಯಲ್ಲಿ ಸಿಡ್ಕೋ ಬಹಳಷ್ಟು ನೆಲವನ್ನು ಲೀಸಿನ ಮೇಲೆ ಕೊಟ್ಟಿದೆ. ಅಲ್ಲಿ ಲೀಸಿನ ಅವಧಿ ಎಷ್ಟು ಉಳಿದಿದೆ, ವರ್ಗಾವಣೆಗೆ ಏನು ಕಟ್ಟಬೇಕು ಎಂದು ವಿಚಾರಿಸಿರಿ.

ಮೂರು, ಹೊಸ ಫ್ಲಾಟು. ಇಲ್ಲಿ ಗಂಡಾಂತರ ಹೆಚ್ಚು. ಮುಂಬ್ರಾದ ಬಳಿ 2013ರ ಏಪ್ರಿಲ್ 4ರಂದು ಪರವಾನಗಿ ಇಲ್ಲದೆ ಏರುತ್ತಿದ್ದ ಕಟ್ಟಡ ಕುಸಿದು 74 ಜನ ಸತ್ತರು. ಕಲ್ಯಾಣ-ಡೊಂಬಿವಲಿಯಲ್ಲಿ 65 ಕಟ್ಟಡಗಳು ನಕಲಿ ಪರವಾನಗಿ ತೋರಿಸಿ ಮಹಾರೇರಾದ ಸಂಖ್ಯೆಯನ್ನೇ ಪಡೆದಿದ್ದವು. ಅವನ್ನು ಕೆಡವಬೇಕೆಂದು ಮುಂಬಯಿ ಹೈಕೋರ್ಟು 2024ರ ನವೆಂಬರಿನಲ್ಲಿ ಆಜ್ಞೆ ಮಾಡಿತು. ಸಾಲದ ಕಂತು ತುಂಬುತ್ತಿದ್ದ ಸಂಸಾರಗಳ ಸಂಕಟ ಎಂಥದ್ದಿರಬೇಕು, ಎಣಿಸಿರಿ. ಆದುದರಿಂದ ಮಹಾರೇರಾ ಸಂಖ್ಯೆ ಬೇಕು, ಆದರೆ ಅದೊಂದೇ ಸಾಲದು. ಮಹಾನಗರಪಾಲಿಕೆಯ ನಗರರಚನೆ ವಿಭಾಗಕ್ಕೆ ಹೋಗಿ ಕಟ್ಟುವ ಪರವಾನಗಿ ನಿಜವೇ ಎಂದು ಕೇಳಬೇಕು. ನೆಲದ ಸಾತ್‌ಬಾರಾ ಉತಾರ ನೋಡಬೇಕು. ವಾಸದ ಪ್ರಮಾಣಪತ್ರ, ಅಂದರೆ ಓಸಿ, ಇಲ್ಲದ ಮನೆಗೆ ಅವಸರದಿಂದ ಸಾಮಾನು ಸಾಗಿಸಬಾರದು. ರೇರಾ ಕಾಯಿದೆಯ ಪ್ರಕಾರ ನೋಂದಾಯಿಸಿದ ಕರಾರು ಆಗುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಹಣವನ್ನು ಬಿಲ್ಡರನು ಕೇಳುವಂತಿಲ್ಲ. ನೋಟರಿಯ ಎದುರು ಸಹಿ ಹಾಕಿದ ಕಾಗದವನ್ನೇ ಮನೆಯ ದಸ್ತಾವೇಜು ಎಂದು ನಂಬಬೇಡಿರಿ.

ಇನ್ನು ನಮಗೆ ತಿಳಿದ ವಿದ್ಯೆ, ಲೆಕ್ಕ. 20 ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ 9ರ ಬಡ್ಡಿಗೆ 20 ವರ್ಷಕ್ಕೆ ತೆಗೆದರೆ ತಿಂಗಳಿಗೆ ಸುಮಾರು 18,000 ಕಂತು. 240 ಕಂತು ಮುಗಿಯುವಾಗ ಕಟ್ಟಿದ್ದು 43 ಲಕ್ಷದ ಮೇಲೆ. ಇದರ ಹೊರತು ಸ್ಟಾಂಪು, ನೋಂದಣಿ, ಸೊಸೈಟಿಯ ತಿಂಗಳ ಹಣ ಬೇರೆ. ಓವರ್‌ಟೈಮು ಸಿಗುತ್ತದೆಂದು ಎಣಿಸಿ ಕಂತು ಗೊತ್ತುಮಾಡಬಾರದು. ಬರೇ ಮೂಲ ಸಂಬಳದಲ್ಲಿ ಸಂಸಾರ ನಡೆದು ಉಳಿಯುವಷ್ಟಕ್ಕೇ ಸಾಲ ನಿಲ್ಲಬೇಕು. ವಿಮಾನ ನಿಲ್ದಾಣ ಬಂದುದರಿಂದ ಬೆಲೆ ಇಮ್ಮಡಿಯಾದೀತೆಂದು ಎರಡನೆಯ ಫ್ಲಾಟಿಗೆ ಮುಂಗಡ ಕೊಡುವ ಮೊದಲು 1865ನ್ನು ನೆನೆಯಿರಿ.

ಬಂಧುಗಳೇ, ಮನೆ ಬೇಡವೆಂದು ನಾವು ಹೇಳುತ್ತಿಲ್ಲ. ಇಪ್ಪತ್ತು ವರ್ಷ ಬಾಡಿಗೆ ಮನೆ ಬದಲಿಸುತ್ತ ಮಕ್ಕಳ ಶಾಲೆ ಬದಲಿಸುವ ಕಷ್ಟ ನಮಗೂ ಗೊತ್ತು. ಸ್ಟೇಶನ್ನಿಗೆ ನಡೆದು ಹೋಗುವಷ್ಟು ದೂರದ, ಓಸಿ ಇರುವ, ನೆಲ ಸೊಸೈಟಿಯ ಹೆಸರಿನಲ್ಲಿರುವ ಹಳೆಯ ಒಂದು ಸಣ್ಣ ಮನೆ ಜಾಹೀರಾತಿನಲ್ಲಿ ಚೆಂದ ಕಾಣಲಿಕ್ಕಿಲ್ಲ. ನಮ್ಮ ಕೈಗೆ ಹೊಂದುವುದು ಅದೇ.

ಕಾಗದಗಳೆಲ್ಲ ಮರಾಠಿಯಲ್ಲಿ ಇರುತ್ತವೆಂದು ಹಿಂಜರಿದು, ಓದದೆ ಸಹಿ ಹಾಕುವವರು ನಮ್ಮಲ್ಲಿದ್ದಾರೆ. ಅಂಥವರು ಮುಂಗಡ ಕೊಡುವ ಮೊದಲು ಕಾಗದದ ಪ್ರತಿಯನ್ನು ರವಿವಾರ ಬೆಳಿಗ್ಗೆ ಇಲ್ಲಿಗೆ ತರಲಿ. ಮರಾಠಿ ಬಲ್ಲವರು ಇಬ್ಬರು ಮೂವರು ಇರುತ್ತೇವೆ. ಓದಿ ಅರ್ಥ ಹೇಳುತ್ತೇವೆ. ಸಂಶಯ ಉಳಿದರೆ ವಕೀಲರ ಬಳಿಗೆ ಹೋಗಿರಿ. ಅವರಿಗೆ ಕೊಡುವ ಶುಲ್ಕ ದುಂದಲ್ಲ. ಓದಲು ಯಾವ ಹಣವೂ ಇಲ್ಲ. ಚಹಾ ಮಾತ್ರ ಎಂದಿನಂತೆ ತಾವೇ ತರಿಸಬೇಕು.