ಪುಕ್ಕಟೆ ಸ್ಯಾಂಪಲ್ಲೂ ಸಂಘದ ರಿಜಿಸ್ಟರೂ

(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬ ಸಮಾರಂಭದಲ್ಲಿ ಆಡಳಿತ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಸಂಘದ ಸಾಧನೆಗಳನ್ನು ಹೇಳುವುದು ವಾಡಿಕೆ. ಷೇರು, ಲಾಭ, ಬೋನಸ್ಸಿನ ಲೆಕ್ಕವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿದೆ. ನಾವು ಇವತ್ತು ಹೇಳಬೇಕೆಂದಿರುವುದು ನಮ್ಮಿಂದಲೇ ಆದ ಒಂದು ತಪ್ಪಿನ ಸಂಗತಿ.

ಹಿಂದೆ ಜಾತ್ರೆಗೆ, ಸಂತೆಗೆ ಕಂಪನಿಯ ವ್ಯಾನು ಬರುತ್ತಿತ್ತು. ಮೈಕಿನಲ್ಲಿ ಕೂಗಿ ಟೀಪುಡಿ, ಸೋಪಿನ ಪುಟ್ಟ ಪೊಟ್ಟಣ ಕೈಗೆ ಕೊಟ್ಟು ಹೋಗುತ್ತಿದ್ದರು. ಯಾರೂ ನಮ್ಮ ಹೆಸರು ಕೇಳುತ್ತಿರಲಿಲ್ಲ. ಈಗ ಅದೇ ಪೊಟ್ಟಣ ಮೊಬೈಲಿನ ಮೂಲಕ ಬರುತ್ತದೆ. ಲಿಂಕ್ ಒತ್ತಿ, ಫಾರಂ ತುಂಬಿ, ಸ್ಯಾಂಪಲ್ ಮನೆಗೇ ಬರುತ್ತೆ ಅಂತಾರೆ. ಎಷ್ಟೋ ಸಲ ಬರುವುದೂ ನಿಜ. ಆದರೆ ಫಾರಮ್ಮಿನಲ್ಲಿ ನಾವು ಬರೆದುಕೊಟ್ಟದ್ದೇ ಅದರ ಬೆಲೆ.

ಹೋದ ವರ್ಷ ಒಂದು ಕಂಪನಿಯವರು ಹಸುಗಳಿಗೆ ಕೊಡುವ ಖನಿಜ ಮಿಶ್ರಣದ ಸ್ಯಾಂಪಲ್ ಕೊಡುತ್ತೇವೆಂದು ಸಂಘದ ಫೋನಿಗೆ ಲಿಂಕ್ ಕಳಿಸಿದರು. ಪ್ರತಿ ಸದಸ್ಯರ ಹೆಸರು, ಮೊಬೈಲ್, ಹಸುಗಳ ಸಂಖ್ಯೆ, ಆಧಾರ್ ನಂಬರು ತುಂಬಬೇಕಾಗಿತ್ತು. ಸದಸ್ಯರಿಗೆ ಅನುಕೂಲವಾಗಲಿ ಅಂತ ನಾವು ರಿಜಿಸ್ಟರ್ ಮುಂದಿಟ್ಟುಕೊಂಡು ಎಲ್ಲವನ್ನೂ ತುಂಬಿ ಕಳಿಸಿದೆವು. ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಪೊಟ್ಟಣಗಳು ಬಂದವು, ನೀವೂ ಒಯ್ದಿರಿ.

ಮುಂದಿನ ತಿಂಗಳಿಂದ ಸಾಲದವರು, ವಿಮೆಯವರು ಅಂತ ಫೋನುಗಳು ಶುರುವಾದವು. ನಮ್ಮ ಸದಸ್ಯೆಯೊಬ್ಬರಿಗೆ ಬಂದ ಫೋನಿನಲ್ಲಿ ಹೆಸರು ಹಿಡಿದು ಕರೆದರು, ಮೂರು ಹಸು ಇರುವುದನ್ನೂ ಹೇಳಿದರು. ಇಷ್ಟೆಲ್ಲ ಗೊತ್ತಿದ್ದವರು ಡೇರಿ ಕಡೆಯವರೇ ಇರಬೇಕು ಅಂತ ಆ ತಾಯಿ ನಂಬಿದರು, ಕೇಳಿದ ಒಟಿಪಿ ಹೇಳಿದರು. ಎರಡು ಬಟವಾಡೆಯ ಹಣ ಖಾತೆಯಿಂದ ಹೋಯಿತು. ಆ ಫಾರಮ್ಮಿಗೂ ಈ ಫೋನಿಗೂ ನಂಟಿದೆಯೆಂದು ರುಜುವಾತು ಮಾಡಲು ನಮ್ಮಿಂದಾಗದು. ಆದರೆ ನಿಮ್ಮ ವಿವರಗಳನ್ನು ಹೊರಗಿನವರ ಕೈಗೆ ಕೊಟ್ಟವರು ನಾವು. ಈ ಸಭೆಯ ಮುಂದೆ ಆ ತಾಯಿಯ ಕ್ಷಮೆ ಕೇಳುತ್ತೇವೆ.

ಹಾಗಾದರೆ ಸ್ಯಾಂಪಲ್ ತಗೋಬಾರದೆ? ಧಾರಾಳವಾಗಿ ತಗೊಳ್ಳಿ. ಒಂದೇ ಪ್ರಶ್ನೆ ಕೇಳಿಕೊಳ್ಳಿ: ಪೊಟ್ಟಣ ನಮ್ಮ ಕೈ ಸೇರೋದಕ್ಕೆ ಏನು ಬೇಕು? ಹೆಸರು, ವಿಳಾಸ, ಪಾರ್ಸಲ್ ತಂದವನು ಕರೆಯುವುದಕ್ಕೆ ಒಂದು ಫೋನ್ ನಂಬರು, ಅಷ್ಟೆ. ಆಧಾರ್, ಪ್ಯಾನ್, ಹುಟ್ಟಿದ ತಾರೀಖು, ಬ್ಯಾಂಕ್ ಖಾತೆ ಯಾವುದೂ ಬೇಡ. ಬ್ಯಾಂಕಿಗೆ ಕೊಟ್ಟಿರುವ ನಂಬರು ಬಿಟ್ಟು ಮನೆಯಲ್ಲಿ ಬೇರೊಂದು ಇದ್ದರೆ ಅದನ್ನೇ ಕೊಡಿ. ಸ್ಯಾಂಪಲ್ ಪುಕ್ಕಟೆ, ಸಾಗಾಣಿಕೆಗೆ ಮಾತ್ರ 49 ರೂಪಾಯಿ ಅಂತ ಕಾರ್ಡಿನ ನಂಬರು ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಹತ್ತು ಗುಂಪಿಗೆ ಕಳಿಸಿದರೆ ಬಹುಮಾನ ಎನ್ನುವ ವಾಟ್ಸಾಪ್ ಲಿಂಕ್ ಮುಟ್ಟಬೇಡಿ. ಲಿಂಕಿನ ಮೂಲಕ ಬಂದ ಆ್ಯಪ್ ಹಾಕಿಕೊಳ್ಳಬೇಡಿ. ಅದು ಬ್ಯಾಂಕಿನ ಮೆಸೇಜುಗಳನ್ನೂ ಓದಬಲ್ಲದು. ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ಹೇಳಬೇಡಿ. ಯುಪಿಐನಲ್ಲಿ ಹಣ ಪಡೆಯೋದಕ್ಕೆ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತೆ ಅಂತಲೇ ತಿಳಿಯಿರಿ.

ಅಕಸ್ಮಾತ್ ಹಣ ಹೋದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಜಾಹೀರಾತಿನ ಫೋನುಗಳ ಕಾಟ ನಿಲ್ಲಿಸಲು 1909ಕ್ಕೆ ಕರೆ ಮಾಡಿ ನೋಂದಾಯಿಸಬಹುದು.

ಹಳ್ಳಿಯವರಿಗೆ ಏನು ಗುಟ್ಟು ಅಂತ ಕೆಲವರು ನಗಬಹುದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಆ ಹಕ್ಕು ಪಟ್ಟಣದವರಿಗೆಷ್ಟೋ ಹಾಲು ಹಾಕುವವರಿಗೂ ಅಷ್ಟೇ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಒಪ್ಪಿಗೆಯ ಮೇಲೆ ಪಡೆಯುವ ವಿವರ ಆ ಕೆಲಸಕ್ಕೆ ಬೇಕಾದಷ್ಟೇ ಇರಬೇಕು ಅನ್ನುತ್ತದೆ.

ಆಡಳಿತ ಮಂಡಳಿ ಈಗ ಒಂದು ಠರಾವು ಮಾಡಿದೆ. ಸದಸ್ಯರ ಲಿಖಿತ ಒಪ್ಪಿಗೆಯಿಲ್ಲದೆ ಅವರ ವಿವರವನ್ನು ಯಾವ ಕಂಪನಿಗೂ ಕೊಡುವುದಿಲ್ಲ. ಸ್ಯಾಂಪಲ್ ಕೊಡುವವರು ಸಂಘದ ವಿಳಾಸಕ್ಕೇ ಪೆಟ್ಟಿಗೆ ಕಳಿಸಲಿ. ಬೆಳಿಗ್ಗೆ ಹಾಲು ಹಾಕಲು ಬಂದಾಗ ಬೇಕಾದವರು ಒಂದೊಂದು ಪೊಟ್ಟಣ ಒಯ್ಯಲಿ, ಹಿಂದೆ ಜಾತ್ರೆಯಲ್ಲಿ ಒಯ್ದ ಹಾಗೆ. ಒಪ್ಪದ ಕಂಪನಿಯ ಸ್ಯಾಂಪಲ್ ನಮಗೆ ಬೇಡ.

ಇಪ್ಪತ್ತೈದು ವರ್ಷ ನೀವು ಹಾಲಿನ ಅಳತೆಯಲ್ಲಿ, ಫ್ಯಾಟಿನ ಲೆಕ್ಕದಲ್ಲಿ ನಮ್ಮನ್ನು ನಂಬಿದ್ದೀರಿ. ಇನ್ನು ಮುಂದೆ ನಿಮ್ಮ ಹೆಸರನ್ನೂ ಅಷ್ಟೇ ಜೋಪಾನವಾಗಿ ಕಾಯುತ್ತೇವೆಂದು ಮಾತು ಕೊಟ್ಟು ನಮ್ಮ ಭಾಷಣ ಮುಗಿಸುತ್ತೇವೆ.