ಚಾಲಕನ ಕಾಯಕ



ನೆಲಮಂಗಲದಲ್ಲಿ ತುಮಕೂರಿನ ದಾರಿಯೂ ಹಾಸನದ ದಾರಿಯೂ ಕವಲೊಡೆಯುತ್ತವೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆಗೆ ಇನ್ನೊಂದು ಹೆದ್ದಾರಿ. ಹಗಲಿರುಳೂ ಲಾರಿಗಳು ಓಡಾಡುವ ಈ ಸೀಮೆಯಲ್ಲಿ ಎಷ್ಟೋ ಮನೆಗಳ ಮಕ್ಕಳು ಚಾಲಕರಾಗಲು ಹೊರಡುತ್ತಾರೆ. ಇಂದಿನ ಮಾತು ಅವರಿಗಾಗಿ.

ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರು ದೋಣಿ ನಡೆಸುವ ಕಾಯಕದವರು. ದೋಣಿ ಹತ್ತಿದವರ ಪ್ರಾಣ ಹುಟ್ಟು ಹಿಡಿದವನ ಕೈಯಲ್ಲಿರುತ್ತದೆ. ಲಾರಿ ಚಾಲಕನ ಕೈಯಲ್ಲಾದರೋ ಎದುರು ಬರುವವರ, ಪಕ್ಕದಲ್ಲಿ ಸೈಕಲ್ ತುಳಿಯುವವರ ಪ್ರಾಣವೂ ಇರುತ್ತದೆ. ಆದುದರಿಂದ ಇದು ಬರಿಯ ಹೊಟ್ಟೆಪಾಡಲ್ಲ, ಕಾಯಕ. ಕಾಯಕವನ್ನು ಬಲ್ಲವರಿಂದ ಕಲಿಯಬೇಕು.

1988ರ ಮೋಟಾರು ವಾಹನ ಕಾಯಿದೆಯೂ ಅದರಡಿಯ ನಿಯಮಗಳೂ ಏನು ಹೇಳುತ್ತವೆ? ಸರಕು ಲಾರಿ ನಡೆಸುವವನಿಗೆ 20 ವರ್ಷ ತುಂಬಿರಬೇಕು. ಲಾರಿ ಕಲಿಯುವ ಮೊದಲು ಲಘು ವಾಹನದ ಲೈಸೆನ್ಸು ಒಂದು ವರ್ಷವಾದರೂ ಕೈಯಲ್ಲಿರಬೇಕು. ಕಲಿಯುವಾಗ ಲೈಸೆನ್ಸುಳ್ಳ ಶಿಕ್ಷಕ ಪಕ್ಕದಲ್ಲಿ, ಗಾಡಿಯನ್ನು ತಡೆಯಬಲ್ಲ ಜಾಗದಲ್ಲಿ ಕುಳಿತಿರಬೇಕು. ಸಣ್ಣ ಭಾರ ಹೊತ್ತವನೇ ದೊಡ್ಡ ಭಾರಕ್ಕೆ ಹೆಗಲು ಕೊಡಬೇಕೆಂಬುದು ಇದರ ತಿರುಳು.

ಕಲಿಯುವವನ ಮೊದಲ ಶತ್ರು 'ನನಗೆ ಗೊತ್ತು' ಎಂಬ ಅಹಂಕಾರ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾಚಬಾರದು. ಹೊರಡುವ ಮುನ್ನ ಟೈರು ನೋಡು, ಗಾಳಿ ಬ್ರೇಕಿನ ಮುಳ್ಳು ಸರಿಯಾದ ಒತ್ತಡಕ್ಕೆ ಏರಿದೆಯೇ ನೋಡು. ಹಿಂದಕ್ಕೆ ತೆಗೆಯುವಾಗ ಅನುಮಾನ ಬಂದರೆ ಕೆಳಗಿಳಿದು ನೋಡು. ಇಳಿಯುವುದರಿಂದ ಮಾನ ಹೋಗುವುದಿಲ್ಲ. ಹಾಸನದ ದಾರಿ ಹಿಡಿದು ಮಂಗಳೂರಿಗೆ ಹೋಗುವವನಿಗೆ ಶಿರಾಡಿ ಘಾಟಿ ಸಿಗುತ್ತದೆ. ಅಲ್ಲಿ ಡೀಸೆಲ್ ಉಳಿಸಲೆಂದು ಗೇರು ತೆಗೆದು ಗಾಡಿ ಬಿಟ್ಟರೆ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದರೆ ಹಿಡಿಯುವುದಿಲ್ಲ. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಬೇಕು. ಉಳಿಸಿದ ನಾಲ್ಕು ಕಾಸಿಗೆ ಪ್ರಾಣ ತೆರಬಾರದು.

ಹಿರಿಯ ಚಾಲಕ ಬೈದರೆ ಸಹಿಸಿಕೋ. 'ಕನ್ನಡಿ ನೋಡಲಿಲ್ಲವೇಕೆ?' ಎಂದು ಗದರಿದರೆ ಅದು ನಿನ್ನನ್ನು ಕಾಯುವ ಮಾತು. ಆದರೆ ಒಂದು ಮಾತು. ಅವನೇ ಕುಡಿದು ಬಂದರೆ? 'ನೀನು ಸ್ಟೇರಿಂಗ್ ಹಿಡಿ, ನಾನು ಒಂದು ನಿದ್ದೆ ತೆಗೆಯುತ್ತೇನೆ' ಎಂದರೆ? ಆಗ ಕೈಮುಗಿದು 'ಅಣ್ಣ, ಗಾಡಿ ಬದಿಗೆ ಹಾಕೋಣ' ಎನ್ನು. ಕೆಲಸ ಹೋದೀತೆಂಬ ಅಂಜಿಕೆ ನಿಜವೇ. ಆದರೆ ಹೋದ ಕೆಲಸ ಮತ್ತೆ ಸಿಕ್ಕೀತು, ಹೋದ ಜೀವ ಸಿಕ್ಕದು. ವಿನಯವೆಂದರೆ ವಿದ್ಯೆಗೆ ತಲೆಬಾಗುವುದು, ತಪ್ಪಿಗೆ ತಲೆಬಾಗುವುದಲ್ಲ.

ಕಲಿಸುವವರಿಗೂ ಮಾಲೀಕರಿಗೂ ಇದೇ ಮಾತು. ಸಾರಿಗೆ ಕೆಲಸಗಾರನಿಗೆ ಐದು ಗಂಟೆಯ ದುಡಿಮೆಗೆ ಅರ್ಧ ಗಂಟೆಯ ಬಿಡುವು ಸಿಗಬೇಕೆಂದು 1961ರ ಕಾಯಿದೆಯೇ ಹೇಳಿತ್ತು. ನಿದ್ದೆಗೆಟ್ಟವನ ಕೈಗೆ ಗಾಡಿ ಕೊಟ್ಟು, ಸರಕು ಬೇಗ ಮುಟ್ಟಲೆಂದು ಅವಸರಿಸಿದರೆ ಆ ಪಾಪದಲ್ಲಿ ನಿಮ್ಮ ಪಾಲೂ ಇದೆ. ಕಲಿಯುವ ಹುಡುಗನನ್ನು ನಿಮ್ಮ ಮನೆಯ ಮಗನೆಂದು ತಿಳಿಯಿರಿ. ಅವನ ತಾಯಿ ಬಾಗಿಲಲ್ಲಿ ದೀಪವಿಟ್ಟು ಕಾಯುತ್ತಿರುತ್ತಾಳೆ.

ಹೊತ್ತಿಗೆ ಮುಂಚೆ ಮುಟ್ಟಿದವನು ದೊಡ್ಡ ಚಾಲಕನಲ್ಲ. ದಾರಿಯಲ್ಲಿ ಯಾರಿಗೂ ನೋವಾಗದಂತೆ ಮನೆ ಮುಟ್ಟಿದವನೇ ದೊಡ್ಡವನು. ನಿಮ್ಮೆಲ್ಲರಿಗೂ ಒಳಿತಾಗಲಿ. ಶರಣು ಶರಣಾರ್ಥಿ.