ಮಾತು ಕಲಿಸುವವನ ಮೌನ

ಭಾಷೆಯನ್ನು ಬಲ್ಲವನು ಅದನ್ನು ಆಡಲು ಕಲಿಸಲೂ ಬಲ್ಲನೆಂಬ ನಂಬಿಕೆ ನಮ್ಮಲ್ಲಿ ಸಾಮಾನ್ಯ. ಮೈಸೂರಿಗೆ ಬಂದು ನೆಲೆಸಿದ ಅನ್ಯಭಾಷಿಕರಿಗೆ ಸಂಜೆಯ ತರಗತಿಯಲ್ಲಿ ಕನ್ನಡ ಕಲಿಸತೊಡಗಿದಾಗ ನನಗೂ ಅದೇ ನಂಬಿಕೆಯಿತ್ತು. ಅದು ಅಳಿದದ್ದು ಒಂದು ತಪ್ಪಿನಿಂದ, ತಪ್ಪು ನನ್ನದು.

ಹಿಂದಿ ಮನೆಮಾತಿನ ಗೃಹಸ್ಥರೊಬ್ಬರು ಒಂದು ಸಂಜೆ ತಡವಾಗಿ ಬಂದು, "ಬಸ್ಸು ಬಂದಳು, ಅಮ್ಮ..." ಎಂದು ಆರಂಭಿಸಿದರು. ತರಗತಿ ನಕ್ಕಿತು. ಬಸ್ಸು ಹಿಂದಿಯಲ್ಲಿ ಸ್ತ್ರೀಲಿಂಗ, ಕನ್ನಡದಲ್ಲಿ ನಪುಂಸಕಲಿಂಗ. ಈ ಭೇದವನ್ನು ನಾನು ಕಾಲುಗಂಟೆ ಉತ್ಸಾಹದಿಂದ ವಿವರಿಸಿದೆ. ಅನಂತರ ಅವರು ಬಾಯಿ ತೆರೆಯಲಿಲ್ಲ. ಊರಿನಿಂದ ಬಂದಿಳಿದ ತಾಯಿಗೆ ವಿಪರೀತ ಜ್ವರವೆಂದು ತಿಳಿಸಿ, ಹತ್ತಿರದ ವೈದ್ಯರು ಯಾರೆಂದು ಕೇಳಲು ಅವರು ಹವಣಿಸಿದ್ದರೆಂಬುದು ನನಗೆ ತಿಳಿದದ್ದು ಮರುವಾರ. ನಾನು ಅವರ ವ್ಯಾಕರಣವನ್ನು ಕೇಳಿದ್ದೆ; ಮಾತನ್ನು ಕೇಳಿರಲಿಲ್ಲ.

1969ರಲ್ಲಿ ಭಾರತೀಯ ಭಾಷಾ ಸಂಸ್ಥಾನ ಸ್ಥಾಪನೆಯಾದದ್ದು ಇದೇ ಮೈಸೂರಿನಲ್ಲಿ. ಅನ್ಯಭಾಷಿಕರಿಗೆ ಭಾಷೆ ಕಲಿಸುವ ಬಗೆಗೆ ಇಲ್ಲಿ ವಿಪುಲವಾದ ಚಿಂತನೆ ನಡೆದಿದೆ. ಆದರೂ ನನಗೆ ಮೊದಲು ಬುದ್ಧಿ ಕಲಿಸಿದ್ದು ಸಾಮಾನ್ಯ ಲೆಕ್ಕ. ಇಪ್ಪತ್ತು ಮಂದಿ, ನಲವತ್ತು ನಿಮಿಷ. ಒಬ್ಬೊಬ್ಬರೂ ಸರದಿಯಂತೆ ನನ್ನೊಡನೆ ಮಾತನಾಡಿದರೆ ತಲಾ ಎರಡು ನಿಮಿಷ. ಅವರನ್ನೇ ಜೋಡಿಗಳಾಗಿ ಕೂರಿಸಿದರೆ ಆಡಲು ಇಪ್ಪತ್ತು ನಿಮಿಷ, ಕೇಳಲು ಇಪ್ಪತ್ತು.

ಆದರೆ ಆಡಲು ಕಾರಣವೂ ಬೇಕು. ಇಬ್ಬರಿಗೂ ಗೊತ್ತಿರುವುದನ್ನು ಯಾರು ತಾನೆ ಕೇಳುತ್ತಾರೆ? ಆದ್ದರಿಂದ ಒಬ್ಬರ ಕೈಗೆ ದೇವರಾಜ ಮಾರುಕಟ್ಟೆಯ ಪೂರ್ಣ ನಕ್ಷೆ ಕೊಡುತ್ತೇನೆ. ಇನ್ನೊಬ್ಬರದರಲ್ಲಿ ಅಂಗಡಿಗಳ ಜಾಗ ಖಾಲಿ. ವೀಳ್ಯದೆಲೆ ಎಲ್ಲಿ, ಹೂವು ಎಲ್ಲಿ ಎಂದು ಕೇಳಿ ಕೇಳಿಯೇ ತುಂಬಬೇಕು, ಇಣುಕಿ ನೋಡುವಂತಿಲ್ಲ. ಆಗ ಪುಸ್ತಕದ "ಮಾಡುತ್ತೇನೆ" ಹಿಂದೆ ಸರಿದು ಮೈಸೂರಿನ "ಮಾಡ್ತೀನಿ" ತಾನಾಗಿ ನಾಲಗೆಗೆ ಬರುತ್ತದೆ. ಮಂಗಳೂರಿನವರು "ಮಾಡ್ತೇನೆ" ಎನ್ನುತ್ತಾರೆಂದೂ ಹೇಳುತ್ತೇನೆ, ಎರಡೂ ಕನ್ನಡವೇ.

ಹಾಗಾದರೆ ತಪ್ಪುಗಳನ್ನು ತಿದ್ದಬಾರದೇ? ತಿದ್ದಬೇಕು, ಆದರೆ ಮಾತು ಮುಗಿದ ಮೇಲೆ. ಅಲ್ಲಿಯವರೆಗೆ ನಾನು ಗೋಡೆಯ ಬದಿಯಲ್ಲಿ ನಿಂತು ಗುರುತು ಹಾಕಿಕೊಳ್ಳುತ್ತೇನೆ. ಕೊನೆಗೆ ಕೆಲವು ವಾಕ್ಯಗಳನ್ನು, ಆಡಿದವರ ಹೆಸರೆತ್ತದೆ, ಹಲಗೆಯ ಮೇಲೆ ಬರೆಯುತ್ತೇನೆ. ತಿದ್ದುವವರು ಅವರೇ.

ಬಾಯಿ ಕಟ್ಟಿಕೊಂಡು ನಿಲ್ಲುವುದು ಮೇಷ್ಟರಿಗೆ ಸುಲಭವಲ್ಲ. ಆದರೆ ಈಗ ಯಾರಾದರೂ "ಬಸ್ಸು ಬಂದಳು" ಎಂದರೆ, "ಓ, ಬಸ್ಸು ಬಂತೇ? ಯಾರು ಬಂದರು?" ಎಂದು ಕೇಳುತ್ತೇನೆ. ಸರಿಯಾದ ರೂಪ ಅವರ ಕಿವಿಗೆ ಬಿದ್ದಿರುತ್ತದೆ. ಅಮ್ಮನ ಸುದ್ದಿಯೂ ನನಗೆ ತಲಪುತ್ತದೆ.